ಹೊಂಗೆಮರದಡಿಯ ಕೈಬದಲು

ಬೇರೆ ಊರಿನ ಕಾಲೇಜುಗಳಲ್ಲಿ ಸಿಬ್ಬಂದಿಗೆ ತರಬೇತಿ ಎಂದರೆ ಏನಂತೆ ಗೊತ್ತೆ? ಒಂದು ದೊಡ್ಡ ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು, ಮಧ್ಯಾಹ್ನಕ್ಕೊಂದು ಪೊಟ್ಟಣ ಪುಳಿಯೋಗರೆ ಕೊಟ್ಟು ಸಂಜೆ ಮನೆಗೆ ಕಳಿಸುತ್ತಾರಂತೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಎಷ್ಟು ಸಲೀಸು ನೋಡಿ! ನಮ್ಮ ಊರಿನ ಕಾಲೇಜಿನಲ್ಲಿ ಹಾಗಿಲ್ಲ. ಹೊಲಿಗೆ, ಬೇಕರಿ, ನಲ್ಲಿ ಕೆಲಸ, ಮೋಟಾರ್ ವೈಂಡಿಂಗ್, ಲೆಕ್ಕ ಬರೆಯೋದು, ಹೀಗೆ ಊರಿನವರಿಗೆ ಹೊಟ್ಟೆಪಾಡಿನ ವಿದ್ಯೆ ಕಲಿಸುವ ಸಮುದಾಯ ಕಾಲೇಜು ನಮ್ಮದು. ಮಕ್ಕಳು ಎಲ್ಲ ಕಡೆಯ ಹಾಗೆ ನಿಧಾನಕ್ಕೆ, ಬೈಸಿಕೊಂಡು ಕಲಿಯುತ್ತಾರೆ. ಸಿಬ್ಬಂದಿಗೆ ಮಾತ್ರ ಕೈಬದಲು.

ಅಂಗಳದ ಹೊಂಗೆಮರ ಚಿಗುರಿದ ವಾರ ಅದರ ಬುಡದಲ್ಲಿ ಹಿತ್ತಾಳೆ ಬೋಗುಣಿ ಇಟ್ಟು ನೀರು ತುಂಬುತ್ತಾರೆ. ಇಬ್ಬರು ಎದುರುಬದುರು ಕೂತು ನೀರಿನೊಳಗೆ ಅಂಗೈಗೆ ಅಂಗೈ ಹಚ್ಚಬೇಕು. "ನನ್ನ ಕೈ ನಿನಗೆ" ಅನ್ನಬೇಕು. ಬಾಯಲ್ಲಿ ಅಂದರೆ ಸಾಲದು, ಮನಸಾರೆ ಅನ್ನಬೇಕು. ಎದ್ದಾಗ ಅವರ ಕಸುಬು ಇವರ ಕೈಯಲ್ಲಿ, ಇವರದು ಅವರ ಕೈಯಲ್ಲಿ. ಆಮೇಲೆ ಮರ ಹೂ ಬಿಟ್ಟು, ಆ ಹೂ ಉದುರಿ ಮುಗಿಯುವುದರೊಳಗೆ ಅದೇ ನೀರಿನಲ್ಲಿ ಕೂತು "ನಿನ್ನ ಕೈ ನಿನಗೆ" ಎಂದು ವಾಪಸ್ ಕೊಡಬೇಕು. ಅಷ್ಟು ದಿನ ಇಟ್ಟುಕೊಂಡರೆ, ಎಣ್ಣೆ ಸುರಿದುಕೊಂಡ ಮೇಲೂ ಡಬ್ಬಕ್ಕೆ ಜಿಡ್ಡು ಉಳಿಯುವ ಹಾಗೆ ಕಸುಬಿನದು ಚೂರು ಕೈಯಲ್ಲಿ ಉಳಿಯುತ್ತದೆ. ಆ ಜಿಡ್ಡೇ ನಮ್ಮ ತರಬೇತಿ. ನಡುವೆಯೇ ವಾಪಸ್ ಮಾಡಿದರೆ ಅದೂ ಇಲ್ಲ. ಹೂ ಮುಗಿದ ಮೇಲೆ ಅಂತೂ ಕೈ ಕೂತುಬಿಡುತ್ತದೆ. ಯಾರ ಹತ್ತಿರ ಏನಿದೆಯೋ ಅದು ಅವರದೇ, ಕೊಟ್ಟವರು ತಲೆಕೆಳಗಾಗಿ ನಿಂತು ಮತ್ತೆ ಕಲಿತರೂ ಹತ್ತುವುದಿಲ್ಲ. ಹಿಂದೆ ಅಡುಗೆ ಕಲಿಸುತ್ತಿದ್ದ ಒಬ್ಬಾಕೆ ಜ್ವರ ಬಂದು ಮಲಗಿ ದಿನ ತಪ್ಪಿಸಿಕೊಂಡಳು. ಇವತ್ತಿಗೂ ಅವಳು ಹಿಟ್ಟು ಕಲಸಿದರೆ ನೀರೇ ಬೇರೆ, ಹಿಟ್ಟೇ ಬೇರೆ.

ಕೊಡುವಾಗ ಯಾವುದು ನಮ್ಮ ಹತ್ತಿರವೇ ಉಳಿಯಬೇಕೋ ಅದನ್ನು ಹೆಸರಿಟ್ಟು "ಇದೊಂದು ಬಿಟ್ಟು" ಅನ್ನಬೇಕು. ಅನ್ನದಿದ್ದರೆ ಕೈಗೆ ಗೊತ್ತಿದ್ದುದೆಲ್ಲ ಹೋಗುತ್ತದೆ. ಲೆಕ್ಕದ ಮೇಷ್ಟ್ರು ಒಂದು ವರ್ಷ ಪಂಚೆ ಉಡುವುದನ್ನು ಬಿಟ್ಟುಕೊಳ್ಳಲು ಮರೆತು, ಅಷ್ಟೂ ದಿನ ಸೊಂಟ ಹಿಡಿದುಕೊಂಡೇ ಪಾಠ ಮಾಡಿದರು. ನಾನು ಬಿದ್ದು ಬಿದ್ದು ನಕ್ಕಿದ್ದೆ. ನಕ್ಕಿದ್ದಕ್ಕೆ ಸರಿಯಾಗಿ ಅನುಭವಿಸಿದೆ ಬಿಡಿ.

ನಾನು ಅಂಬುಜಾಕ್ಷಿ, ಹೊಲಿಗೆ ವಿಭಾಗ. ಕಾಲೇಜಿಗೆ ಸೇರಿದಾಗಿನಿಂದ ತಾತ್ಕಾಲಿಕ, ತಲೆಯಲ್ಲಿ ಬೆಳ್ಳಿಕೂದಲು ಬಂದರೂ ತಾತ್ಕಾಲಿಕ. ಈ ವರ್ಷ ಪ್ರಿನ್ಸಿಪಾಲ್ ಶ್ರೀಕಂಠಯ್ಯನವರು ಹಿರಿಯ ಬೋಧಕರ ಕಾಯಂ ಹುದ್ದೆಯೊಂದು ಬಂದಿದೆ ಎಂದರು. ಎರಡು ಕಸುಬು ಗೊತ್ತಿರಬೇಕು. ಕೈಬದಲು ಮಾಡಿ, ವಾಪಸ್ ಕೊಟ್ಟ ಮೇಲೆ, ಉಳಿದ ಜಿಡ್ಡಿನಲ್ಲೇ ಅವರ ಎದುರು ಕೆಲಸ ಮಾಡಿ ತೋರಿಸಬೇಕು. ಹುದ್ದೆಯ ಜೊತೆ ಕಾಲೇಜಿನ ಹಿಂದಿನ ಕ್ವಾರ್ಟರ್ಸು. ಅದಕ್ಕೆ ದೊಡ್ಡ ಜಗಲಿ ಇದೆ. ನನ್ನ ತಂಗಿ ಮಂದಾಕಿನಿ ಬೆತ್ತದ ಕುರ್ಚಿ ಹೆಣೆಯುತ್ತಾಳೆ. ನಾವಿದ್ದ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಕುರ್ಚಿ ಒಳಗೆ ಬಂದರೆ ನಾವು ಹೊರಗೆ ಹೋಗಬೇಕಿತ್ತು. ಆ ಜಗಲಿಯಲ್ಲಿ ಮಂದಾ ಕಾಲು ನೀಡಿಕೊಂಡು ಕೂತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ನಾನೇ ಮೊದಲು ಕೈ ಎತ್ತಿದೆ.

ಮಂದಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಹಾಗೆಂದರೆ ತಪ್ಪಾಗುತ್ತದೆ, ಊರಿನ ಮಾತಿಲ್ಲ ಅನ್ನಬೇಕು. ಚಿಕ್ಕಂದಿನಲ್ಲಿ ನಾವಿಬ್ಬರೂ ಸೇರಿ ನಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದೆವು. ಮೂಗುಬೊಟ್ಟು ಇರುವ ಜಾಗ ಮುಟ್ಟಿಕೊಂಡರೆ ಅಕ್ಕ. ಹೆಬ್ಬೆರಳಿನಿಂದ ಹುಬ್ಬು ಸವರಿದರೆ ಸುಳ್ಳು ಹೇಳಬೇಡ. ನನ್ನನ್ನು ಕರೆಯಬೇಕೆಂದರೆ ನೆಲವನ್ನು ಕಾಲಿಂದ ಎರಡು ಸಲ ಒದೆಯುತ್ತಿದ್ದಳು. ಜಗಳ, ಚಾಡಿ, ಸಿನಿಮಾ ಕಥೆ ಎಲ್ಲ ಅದರಲ್ಲೇ. ಅಮ್ಮನಿಗೆ ಸ್ವಲ್ಪ ಬರುತ್ತಿತ್ತು, ಅಮ್ಮ ಹೋದಳು. ಮಂದಾಳನ್ನು ಸೇರಿಸಿಕೊಳ್ಳುವ ಶಾಲೆ ಆಗ ನಮ್ಮ ಊರಲ್ಲಿ ಇರಲಿಲ್ಲವಾದ್ದರಿಂದ ಅವಳಿಗೆ ಅಕ್ಷರವೂ ಬಾರದು. ಈ ಭೂಮಿಯ ಮೇಲೆ ಅವಳ ಜೊತೆ ನಾಲ್ಕು ಮಾತಾಡಬಲ್ಲವಳು ನಾನೊಬ್ಬಳೇ.

ನನಗೆ ಜೋಡಿಯಾಗಿ ಬಿದ್ದವರು ವೈಂಡಿಂಗ್ ವಿಭಾಗದ ತಿಪ್ಪೇಸ್ವಾಮಿ ಮೇಷ್ಟ್ರು. ಸುಟ್ಟ ಮೋಟಾರು ಅವರ ಕೈಗೆ ಹೋದರೆ ಹೊಸದಾಗಿ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ತೊದಲು ಎಷ್ಟೆಂದರೆ, ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಿದ್ದರು. ನಾನೂ ಎದ್ದು ಹೋದವಳೇ. ಹಾಗಾಗಿ ಅವರು ಮಾತಾಡುವುದನ್ನೇ ಬಿಟ್ಟು, ಮಕ್ಕಳಿಗೂ ಮಾಡಿ ತೋರಿಸುತ್ತಿದ್ದರು. ಒಬ್ಬರೇ ಇರುವ ಮನುಷ್ಯ, ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕ ಕೂತು ಡಬ್ಬಿ ಖಾಲಿ ಮಾಡಿ ಹೋಗಿಬಿಡುವವರು.

ಕೈಬದಲಿನ ದಿನ ಅವರು ಕಷ್ಟಪಟ್ಟು "ಗ್-ಗಡ್ಡ ಹೆರೆಯೋದು ಬಿಟ್ಟು" ಎಂದರು. ಎಲ್ಲರೂ ನಕ್ಕರು. ನಾನು ಏನು ಬಿಟ್ಟುಕೊಂಡೆ ಕೇಳಿ, ಹೂ ಕಟ್ಟುವುದು! ನಾನು ಕಟ್ಟಿದ ದಂಡೆಗೆ ಇಡೀ ಬೀದಿಯಲ್ಲಿ ಹೆಸರಿತ್ತು, ಅದರ ಜಂಬ. ಮಂದಾಳ ಜೊತೆ ಆಡುವ ಮಾತು ಕೈಯಲ್ಲಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅದನ್ನು ಕಸುಬು ಎಂದು ಎಣಿಸಿದವಳೇ ಅಲ್ಲ ನಾನು. ಉಸಿರಾಡುವುದನ್ನು ಯಾರಾದರೂ "ಇದೊಂದು ಬಿಟ್ಟು" ಅನ್ನುತ್ತಾರೆಯೆ?

ನೀರಿನಿಂದ ಕೈ ತೆಗೆದವಳೇ ವೈಂಡಿಂಗ್ ರೂಮಿಗೆ ಓಡಿದೆ. ತಾಮ್ರದ ತಂತಿ ಹಿಡಿದೆ ನೋಡಿ, ಬೆರಳು ತಾವೇ ನಡೆದವು. ಎಷ್ಟು ಸುತ್ತು, ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲ ಬೆರಳಿಗೇ ಗೊತ್ತು. ಸಂತೋಷಕ್ಕೆ ಮೈಮೇಲೆ ಎಚ್ಚರವಿಲ್ಲದೆ ಮನೆಗೆ ಬಂದೆ. ಮಂದಾ ಹೊಸ್ತಿಲಲ್ಲೇ ಕಾಯುತ್ತಿದ್ದಳು. ನನ್ನ ಮುಖ ನೋಡಿ ಅವಳ ಮುಖವೂ ಅರಳಿತು. ಕೈ ಎತ್ತಿ ಏನೋ ಕೇಳಿದಳು. ಬೆರಳುಗಳು ಆಡಿದವು. ಅಷ್ಟೇ, ಆಡಿದವು. ನನಗೆ ಏನೂ ತಿಳಿಯಲಿಲ್ಲ.

ಏನೋ ಕಣ್ಣು ಮಂಜಾಗಿದೆ ಎಂದುಕೊಂಡೆ. ಅವಳು ಮತ್ತೆ ಕೇಳಿದಳು. ನಾನು ಉತ್ತರ ಹೇಳಲು ಕೈ ಎತ್ತಿದರೆ, ಅಯ್ಯೋ ದೇವರೆ, ಕೈಗಳು ಗಾಳಿಯಲ್ಲಿ ತಂತಿ ಸುತ್ತತೊಡಗಿದವು. ಮಂದಾ ನಕ್ಕಳು, ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಆಮೇಲೆ ಹೆಬ್ಬೆರಳಿನಿಂದ ಹುಬ್ಬು ಸವರಿದಳು. ಅದರ ಅರ್ಥ ಈಗ ನಿಮಗೆ ಹೇಳಿದೆ, ಆಗ ನನಗೆ ಅದು ಬರೀ ಹುಬ್ಬು ಸವರಿದ ಹಾಗೆ ಕಂಡಿತು. ಅವಳ ಮುಖದ ನಗು ನಿಧಾನಕ್ಕೆ ಇಳಿಯಿತು. ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು, ಒಳಗೆ ಯಾರೋ ಬಚ್ಚಿಟ್ಟುಕೊಂಡಿದ್ದಾರೇನೋ ಎಂಬಂತೆ.

ಬೆಳಗ್ಗೆ ಕಾಲೇಜಿಗೆ ಹೋದವಳೇ ತಿಪ್ಪೇಸ್ವಾಮಿಯವರನ್ನು ಹುಡುಕಿದೆ. ಅವರು ಹೊಲಿಗೆ ರೂಮಿನಲ್ಲಿ ಒಬ್ಬರೇ ನಿಂತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಬೆರಳುಗಳು ಒಂದೇ ಸಮನೆ ಆಡುತ್ತಿದ್ದವು.

"ಮ್-ಮೇಡಂ, ಇದೇನು? ಹ್-ಹೊಲಿಗೆ ಅಲ್ಲ ಇದು."

"ಅದು ನನ್ನ ತಂಗಿ ಮಾತು ಕಣ್ರೀ," ಎಂದೆ. "ಬಿಟ್ಟುಕೊಳ್ಳೋದನ್ನ ಮರೆತುಬಿಟ್ಟೆ. ಮಂಕು ಕವಿದಿತ್ತು ನನಗೆ. ಬನ್ನಿ ಮನೆಗೆ."

ಅವರು ಬಂದರು. ಮಂದಾ ಬೆತ್ತ ಕೆಳಗಿಟ್ಟು ಅವರನ್ನು ಅನುಮಾನದಿಂದ ನೋಡಿದಳು. ತಿಪ್ಪೇಸ್ವಾಮಿ ಕೈ ಎತ್ತಿದರು. ಆ ಕೈ ಎಷ್ಟು ಸರಾಗವಾಗಿ ಹೋಯಿತೆಂದರೆ! ಮಂದಾ ಎದ್ದು ನಿಂತಳು. ಅವಳು ಕೇಳಿದಳು, ಅವರು ಹೇಳಿದರು, ಅವಳು ಮತ್ತೆ ಕೇಳಿದಳು. ಒಂದು ಕಡೆಯೂ ತಡೆಯಿಲ್ಲ, ತೊದಲಿಲ್ಲ. ಆ ಮನುಷ್ಯನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ. ನಾನು ನನ್ನ ಮನೆಯಲ್ಲೇ ಗೋಡೆಗೆ ಒರಗಿ ಪರಕೀಯಳ ಹಾಗೆ ನಿಂತಿದ್ದೆ.

ಆಮೇಲೆ ಅವರು ನನ್ನ ಕಡೆ ತಿರುಗಿ, "ಈ-ಈಗಲೇ ವಾಪಸ್ ಕೊಡ್ತೀನಿ ಮೇಡಂ, ಬ್-ಬನ್ನಿ," ಎಂದರು.

ಬರುತ್ತೇನೆ ಅನ್ನಬೇಕಿತ್ತು. ನಡುವೆಯೇ ವಾಪಸ್ ಮಾಡಿದರೆ ವೈಂಡಿಂಗಿನ ಜಿಡ್ಡೂ ಉಳಿಯುವುದಿಲ್ಲ, ಹುದ್ದೆಯೂ ಇಲ್ಲ, ಜಗಲಿಯೂ ಇಲ್ಲ. ನಾನು ಯೋಚಿಸಿದೆ. ಯೋಚಿಸಿ, "ಹೂ ಬಿಡೋವರೆಗೂ ಇರಲಿ ಮೇಷ್ಟ್ರೇ. ದಿನಾ ಸಂಜೆ ಬಂದು ಅವಳು ಹೇಳಿದ್ದು ನನಗೆ ಹೇಳಿ, ನಾನು ಹೇಳಿದ್ದು ಅವಳಿಗೆ ಹೇಳಿ. ಸ್ವಲ್ಪ ದಿನ ತಾನೆ," ಎಂದೆ. ಅವರು ಅದನ್ನು ಮಂದಾಗೆ ಹೇಳಿದರು. ಮಂದಾ ನನ್ನನ್ನು ಬಹಳ ಹೊತ್ತು ನೋಡಿ, ಬೆತ್ತ ಎತ್ತಿಕೊಂಡಳು.

ಹೀಗೆ ಶುರುವಾಯಿತು. ಕಾಲೇಜು ಬಿಟ್ಟ ಮೇಲೆ ತಿಪ್ಪೇಸ್ವಾಮಿ ಬಂದು ಹೊಸ್ತಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಕಾಫಿ ಕೊಡುತ್ತಿದ್ದೆ. ಮೊದಮೊದಲು ಎಲ್ಲ ಬಿಡಿಸಿ ಹೇಳುತ್ತಿದ್ದರು. "ಅ-ಅವರಿಗೆ ಹಲ್ಲು ನೋವಂತೆ. ಬ್-ಬೆತ್ತ ತಂದುಕೊಡೋನು ಒಣಗಿರೋದು ಕೊಟ್ಟಿದಾನಂತೆ." ಬರಬರುತ್ತಾ ಕೈಮಾತು ಉದ್ದವಾಯಿತು, ನನಗೆ ಹೇಳುವುದು ಗಿಡ್ಡವಾಯಿತು. ಇಬ್ಬರೂ ದೀಪ ಹಚ್ಚುವ ಹೊತ್ತಿನವರೆಗೆ ಕೈ ಆಡಿಸುವರು. ನಾನು ಕೇಳಿದರೆ, "ಏ-ಏನಿಲ್ಲ ಮೇಡಂ, ಸುಮ್ನೆ" ಅನ್ನುವರು.

"ಇಷ್ಟೊತ್ತು ಸುಮ್ನೇನಾ?"

"ಹ್-ಹೌದು."

ಒಂದು ಸಂಜೆ ಮಂದಾ ಬಾಯಿಬಿಟ್ಟು ನಕ್ಕಳು. ಒಡಕು ದನಿಯ ನಗು, ಗೋಡೆ ಆಚೆಯವರಿಗೂ ಕೇಳುವಂಥದ್ದು. ನನ್ನ ಜೊತೆ ಅವಳು ಯಾವತ್ತೂ ಸದ್ದು ಮಾಡಿ ನಕ್ಕವಳಲ್ಲ. ಅಡುಗೆಮನೆಯಲ್ಲಿ ನಿಂತಿದ್ದ ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮಾತು, ನಾನು ಕಟ್ಟಿದ ಮಾತು, ಅದರಲ್ಲಿ ನನ್ನ ತಂಗಿಯನ್ನು ನಗಿಸಲು ಇವನ್ಯಾರು ಎನಿಸಿತು. ಹೌದು, ಇವನು ಎಂದೇ ಎನಿಸಿತು. ಕಾಫಿಗೆ ಸಕ್ಕರೆ ಹಾಕದೆ ತಂದುಕೊಟ್ಟೆ. ಅವರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

ಅತ್ತ ಕಾಲೇಜಿನಲ್ಲಿ ನನಗೆ ಜಯಭೇರಿ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನನ್ನ ಕೆಲಸ ನೋಡಿ ತಲೆದೂಗಿ ಹೋಗುತ್ತಿದ್ದರು. ಆದರೆ ಹೋದ ವರ್ಷ ಮರಗೆಲಸದವರ ಜೊತೆ ಕೈ ಬದಲಿಸಿದ ಬೇಕರಿಯವನಿಗೆ ಆದದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ವಾಪಸ್ ಕೊಟ್ಟ ಮೇಲೆ ಅವನಿಗೆ ಉಳಿದ ಜಿಡ್ಡು ತೀರಾ ತೆಳು, ಪ್ರಿನ್ಸಿಪಾಲರ ಎದುರು ಮರ ಕೊಯ್ಯಲು ಹೋಗಿ ಗರಗಸವನ್ನೇ ಮುರಿದಿದ್ದ. ನನಗೂ ಹಾಗಾದರೆ? ಈ ಕೈ ಇಷ್ಟು ಚೆನ್ನಾಗಿ ಕೂತಿದೆಯಲ್ಲ, ಇದು ಇಲ್ಲೇ ಇದ್ದು, ಮಂದಾಳ ಮಾತು ಮಾತ್ರ ವಾಪಸ್ ಬಂದರೆ ಎಷ್ಟು ಚೆನ್ನ ಎಂದು ದಿನಾ ಬೆಳಗ್ಗೆ ತಂತಿ ಹಿಡಿದಾಗ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದಕ್ಕೇನು ಖರ್ಚೆ? ತಿಪ್ಪೇಸ್ವಾಮಿ ಪಾಠಕ್ಕೆ ಮುಂಚೆ ವೈಂಡಿಂಗ್ ರೂಮಿನ ಬಾಗಿಲಿಗೆ ಬಂದು, ತಂತಿಯ ಸುರುಳಿಯನ್ನು ಒಮ್ಮೆ ಮುಟ್ಟಿ ಹೋಗುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ.

ಹೊಂಗೆ ಹೂ ಬಿಟ್ಟಿತು. ಬಿಟ್ಟಷ್ಟೇ ಬೇಗ ಉದುರತೊಡಗಿತು. ಅಂಗಳದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ. ಕಸ ಗುಡಿಸುವ ರುದ್ರಮ್ಮ ಆ ವಾರಗಳಲ್ಲಿ ಮರದ ಕೆಳಗೆ ಪೊರಕೆ ಆಡಿಸುವುದಿಲ್ಲ, ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡುತ್ತಾ, "ಇನ್ನೂ ಇದೆ, ಇನ್ನೂ ಇದೆ" ಎಂದು ಕೂಗಿ ಹೇಳುವುದೇ ಅವಳ ಕೆಲಸ. ಬೇರೆ ಜೋಡಿಗಳೆಲ್ಲ ಒಬ್ಬೊಬ್ಬರಾಗಿ ವಾಪಸ್ ಮಾಡಿಕೊಂಡರು. ತಿಪ್ಪೇಸ್ವಾಮಿ ಮಾತೆತ್ತಲಿಲ್ಲ. ನಾನೇ ಸ್ಟಾಫ್ ರೂಮಿನ ಬಾಗಿಲಲ್ಲಿ ಅಡ್ಡ ನಿಂತೆ.

"ಮೇಷ್ಟ್ರೇ, ಯಾವತ್ತು?"

"ನ್-ನೀವು ಯಾವತ್ತು ಅಂದ್ರೆ ಆವತ್ತು."

"ಬಾಯಲ್ಲಿ ಅಂದ್ರೆ ಆಗಲ್ಲ. ಮನಸ್ಸು ಬಿಡಬೇಕು. ಬಿಡುತ್ತಾ ನಿಮ್ಮ ಮನಸ್ಸು?"

ಅವರು ಕಿಟಕಿಯ ಕಡೆ ನೋಡಿದರು. "ಗ್-ಗೊತ್ತಿಲ್ಲ ಮೇಡಂ. ಹ್-ಹುಟ್ಟಿದಾಗಿಂದ ಹ್-ಹಿಂಗೆ ಯಾರ ಜೊತೇನೂ..." ಅಲ್ಲಿಗೆ ಮಾತು ಸಿಕ್ಕಿಕೊಂಡಿತು. ಇವರು ಕೊಡುವುದಿಲ್ಲ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟೆ. ಆ ಸಂಜೆ ಅವರು ಬಂದಾಗ ಬಾಗಿಲು ತೆಗೆಯಲಿಲ್ಲ. ಮಂದಾ ಎದ್ದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ತೆಗೆದಳು.

ಮಾರನೆಯ ಬೆಳಗ್ಗೆ ಗಾಳಿ ಎದ್ದಿತು. ಹಾಸಿಗೆಯಲ್ಲೇ ಕಿಟಕಿ ಬಡಿದ ಸದ್ದಿಗೆ ಎದ್ದು, ತಲೆ ಬಾಚದೆ ಓಡಿದೆ. ಗೇಟಿನ ಹತ್ತಿರ ಬರುವಾಗಲೇ ರುದ್ರಮ್ಮನ ಕೂಗು ಕೇಳಿಸಿತು. "ಅಂಬುಜಮ್ಮೋ! ಬಿರ್ರನೆ ಬಾರವ್ವೋ! ಮೂಡಗಡೆ ಕೊಂಬೆಲಿ ಒಂದೇ ಗೊಂಚಲು ಉಳಿದೈತೆ!" ಮರ ಬೋಳಾಗಿತ್ತು. ಎತ್ತರದಲ್ಲಿ ಒಂದು ಗೊಂಚಲು, ಗಾಳಿಗೆ ತುಯ್ದಾಡುತ್ತಿತ್ತು. ತಿಪ್ಪೇಸ್ವಾಮಿ ನನಗಿಂತ ಮುಂಚೆಯೇ ಬಂದು ಬೋಗುಣಿಗೆ ನೀರು ತುಂಬಿ ಕೂತಿದ್ದರು. ಪ್ರಿನ್ಸಿಪಾಲರು ಬಂದರು, ಮೇಷ್ಟ್ರುಗಳು ಬಂದರು, ಸುತ್ತ ಜನ ನಿಂತರು.

ನೀರಿನಲ್ಲಿ ಅಂಗೈಗೆ ಅಂಗೈ ಹಚ್ಚಿದೆವು. "ನ್-ನಿನ್ನ ಕೈ ನ್-ನಿನಗೆ," ಎಂದರು. "ನಿನ್ನ ಕೈ ನಿನಗೆ," ಎಂದೆ. ಏನೂ ಆಗಲಿಲ್ಲ. ನೀರು ತಣ್ಣಗಿತ್ತು, ಅಷ್ಟೇ. ಕೈಬದಲಿನಲ್ಲಿ ಮೊಳಕೈವರೆಗೆ ಜುಮ್ಮೆಂದು ಹತ್ತುವುದೊಂದಿದೆ, ಅದು ಬರಲೇ ಇಲ್ಲ. ಮತ್ತೆ ಹೇಳಿದೆವು. ಮತ್ತೂ ಹೇಳಿದೆವು. ಗೊಂಚಲಿನಿಂದ ಹೂಗಳು ನಮ್ಮ ನೀರಿನಲ್ಲೇ ಬಂದು ಬೀಳತೊಡಗಿದವು.

"ಬಿಡ್ರೀ!" ಎಂದು ಕಿರುಚಿದೆ. "ಬಿಡ್ರೀ ಮೇಷ್ಟ್ರೇ! ಅವಳಿಗೆ ನನ್ನ ಬಿಟ್ರೆ ಯಾರಿದಾರೆ? ಇನ್ನೊಬ್ಬರ ಮನೆ ಮಾತು ಕದ್ಕೊಂಡು ಬದುಕ್ತೀರಾ? ನಾಚಿಕೆ ಆಗಲ್ವಾ ನಿಮಗೆ?"

"ಬ್-ಬಿಟ್ಟೆ ಮೇಡಂ. ದ್-ದೇವರಾಣೆ ಬಿಟ್ಟೆ."

"ಸುಳ್ಳು!"

"ತಿಪ್ಪೇಸ್ವಾಮಿ, ಹಟ ಮಾಡಬೇಡಿ," ಎಂದರು ಪ್ರಿನ್ಸಿಪಾಲರು. ಸುತ್ತ ನಿಂತವರೂ ಗೊಣಗತೊಡಗಿದರು. ಆ ಮನುಷ್ಯ ತಲೆ ತಗ್ಗಿಸಿಕೊಂಡು, ಕೈ ಮಾತ್ರ ತೆಗೆಯದೆ ಕೂತಿದ್ದರು. ಅಷ್ಟರಲ್ಲಿ ನೆಲ ಅದುರಿತು. ಎರಡು ಸಲ.

ಮಂದಾ. ಜನರನ್ನು ಸರಿಸಿಕೊಂಡು ಬಂದು ಬೋಗುಣಿಯ ಪಕ್ಕ ನಿಂತಿದ್ದಳು, ಕೈಯಲ್ಲಿ ಇನ್ನೂ ಬೆತ್ತದ ಸೀಳು. ಅದನ್ನು ಬಿಸಾಡಿ ತಿಪ್ಪೇಸ್ವಾಮಿಗೆ ಏನೋ ಹೇಳಿದಳು. ಕೈ ಜೋರಾಗಿ ಆಡಿದವು, ಸಿಟ್ಟಿನಲ್ಲಿದ್ದಳು. ಅವರು ತಲೆ ಅಲ್ಲಾಡಿಸಿದರು. ಅವಳು ಮತ್ತೆ ಅದನ್ನೇ ಹೇಳಿದಳು.

"ಏನಂತಾಳೆ?" ಎಂದೆ.

"ಬ್-ಬೇಡ ಮೇಡಂ."

"ಹೇಳ್ರೀ, ಏನಂತಾಳೆ!"

ಅವರು ಕಣ್ಣು ಮುಚ್ಚಿಕೊಂಡು ಹೇಳಿದರು. ಎಷ್ಟು ಹೊತ್ತು ತೆಗೆದುಕೊಂಡರು! ಒಂದೊಂದು ಅಕ್ಷರಕ್ಕೂ ಮೇಲೆ ಒಂದೊಂದು ಹೂ ಕಳಚುತ್ತಿತ್ತು, ಯಾರೂ ಕದಲಲಿಲ್ಲ. "ಬ್-ಬಿಡ್ತಾ ಇಲ್ದೇ ಇರೋದು ಅ-ಅವನಲ್ಲ, ಅಕ್ಕನೇ. ಅ-ಅಕ್ಕನಿಗೆ ತ್-ತಂತಿ ಬೇಕು. ಅವನಿಗೆ ಅವನ ಕ್-ಕೈ ಬೇಡ್ವಾ ಅಂತ ಒಂದು ದಿನ ಕ್-ಕೇಳಿದಾಳಾ, ಅಂತಿದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಇಲ್ಲ ಎಂದು ಬಾಯಿ ತೆರೆದೆ. ಮಂದಾ ಹೆಬ್ಬೆರಳಿನಿಂದ ಹುಬ್ಬು ಸವರಿದಳು. ಅರ್ಥ ನನಗೆ ಗೊತ್ತಿರಲಿಲ್ಲ, ಆದರೂ ಬಾಯಿ ಮುಚ್ಚಿಕೊಂಡಿತು. "ನಿನ್ನ ಕೈ ನಿನಗೆ" ಎಂದು ನಾನು ಅಂದದ್ದು ತುಟಿಯಲ್ಲಿ. ಒಳಗೆ ಪೂರ್ತಿ "ನನ್ನದು ನನಗೆ, ನನ್ನದು ನನಗೆ" ಎಂದೇ ಓಡುತ್ತಿತ್ತು. ಕೊಡುವುದೂ ಒಂದಿದೆ ಎಂದು ನನಗೆ ನೆನಪೇ ಇರಲಿಲ್ಲ. ಬಾಗಿಲಲ್ಲಿ ನಿಂತು ತಂತಿ ಮುಟ್ಟಿ ಹೋಗುತ್ತಿದ್ದ ಮನುಷ್ಯ ಏನು ಹುಡುಕಿಕೊಂಡು ಬರುತ್ತಿದ್ದ ಎಂದು ಒಂದು ಸಲವಾದರೂ ತಲೆ ಎತ್ತಿ ನೋಡಬಾರದಿತ್ತೆ ನಾನು? ಅವರ ಬದುಕಿನಲ್ಲಿ ತೊದಲದೆ ನಡೆಯುತ್ತಿದ್ದದ್ದು ಅದೊಂದೇ ಆಗಿತ್ತು. ಅದನ್ನು ನಾನು ಇಟ್ಟುಕೊಂಡು, ಅವರನ್ನೇ ಕಳ್ಳ ಎಂದಿದ್ದೆ.

ಮೇಲೆ ನೋಡಲಿಲ್ಲ. ಎಷ್ಟು ಹೂ ಇದೆಯೋ ನೋಡಿದರೆ ಮತ್ತೆ ಆಸೆ ಬರುತ್ತಿತ್ತು. ತಾಮ್ರದ ಆ ನುಣುಪು, ಸುರುಳಿ ಸರಿಯಾಗಿ ಕೂತಾಗ ಬೆರಳಿಗೆ ಆಗುವ ಸುಖ, ಹುದ್ದೆ, ಜಗಲಿ, ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡೆ. ಹೋಗಲಿ ಎಂದುಕೊಂಡೆ. ಅಳು ಬಂತು. ಅತ್ತುಕೊಂಡೇ, "ನಿಮ್ಮ ಕೈ ನಿಮಗೆ ಮೇಷ್ಟ್ರೇ," ಎಂದೆ. ನಿನ್ನ ಅನ್ನಬೇಕಾದಲ್ಲಿ ನಿಮ್ಮ ಎಂದೆ, ಕ್ರಮ ತಪ್ಪಿತು. ನೀರು ಕ್ರಮ ಕೇಳಲಿಲ್ಲ. ಮೊಳಕೈವರೆಗೆ ಜುಮ್ಮೆಂದು ಹತ್ತಿ ಇಳಿಯಿತು.

"ಮುಗೀತು!" ಎಂದಳು ರುದ್ರಮ್ಮ, ಮೇಲೆ ನೋಡುತ್ತಾ. "ಕೊನೇದೂ ಬಿತ್ತು."

ಕೈ ತೆಗೆಯಲು ಭಯವಾಯಿತು. ಬಂದಿದೆಯೋ, ಬರೀ ಹೋಗಿದೆಯೋ? ಮಂದಾ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ಮೂಗುಬೊಟ್ಟಿನ ಜಾಗ ಮುಟ್ಟಿಕೊಂಡಳು. ಅಕ್ಕ. ಅಕ್ಕ ಎಂದಳು ನನ್ನ ತಂಗಿ, ನನಗೆ ಕೇಳಿಸಿತು! ಒದ್ದೆ ಕೈಯಲ್ಲೇ ಅವಳನ್ನು ಬಾಚಿ ತಬ್ಬಿಕೊಂಡೆ. ಅವಳು ಬಿಡಿಸಿಕೊಂಡು, ತಬ್ಬಿಕೊಂಡರೆ ಮಾತಾಡುವುದು ಹೇಗೆ ಎಂದು ಬೈದಳು. ಹಲ್ಲು ನೋವಿನಿಂದ ಹಿಡಿದು ಒಂದಿಷ್ಟು ದಿನಗಳ ಬೈಗುಳ ಬಾಕಿ ಇತ್ತು, ಎಲ್ಲ ಒಟ್ಟಿಗೆ ತೀರಿಸಿಕೊಂಡಳು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ, ಆದರೂ ಕೆಲವರು ಮೂಗು ಒರೆಸಿಕೊಂಡರು.

ಪ್ರಿನ್ಸಿಪಾಲರಿಗೆ ಗಡಿಯಾರದ ಚಿಂತೆ. "ಪರೀಕ್ಷೆ ಇವತ್ತೇ ಮುಗಿಸೋಣವಾ ಅಂಬುಜಾ ಮೇಡಂ?" ಎಂದರು. ನಾನು ರುದ್ರಮ್ಮ ತಂದ ತಂತಿ ಹಿಡಿದು ನೋಡಿದೆ. ಬೆರಳು ಸ್ವಲ್ಪ ದೂರ ನಡೆದು ನಿಂತುಬಿಟ್ಟವು. ಜಿಡ್ಡು ಇತ್ತು, ತೆಳು ಇತ್ತು.

"ಇವತ್ತು ಆಗಲ್ಲ ಸಾರ್," ಎಂದೆ. "ಉಳಿದಿದ್ದನ್ನ ಮಕ್ಕಳ ಜೊತೆ ಬೆಂಚಲ್ಲಿ ಕೂತು ಕಲೀತೀನಿ. ಮೇಷ್ಟ್ರು ಒಪ್ಪಿದ್ರೆ."

ಹುದ್ದೆ ಕಾಯುತ್ತದೆಂದು ಪ್ರಿನ್ಸಿಪಾಲರು ಹೇಳಲಿಲ್ಲ. "ಹೂಂ" ಎಂದು ಹೊರಟುಹೋದರು. ತಿಪ್ಪೇಸ್ವಾಮಿಯವರ ಕಡೆ ತಿರುಗಿದೆ. ಅವರು ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ತಮ್ಮ ಕೈ ತಮಗೆ ಬಂದಿತ್ತು, ಮುಖದಲ್ಲಿ ಮಾತ್ರ ಮನೆ ಬಿಟ್ಟು ಬಂದವರ ಕಳೆ. ಸಂಜೆ ಆ ಕುರ್ಚಿ ಖಾಲಿ ಇರುತ್ತದಲ್ಲ ಎಂದು ನನಗೂ ಕಸಿವಿಸಿಯಾಯಿತು. ಅವರು ಮಂದಾಳ ಕಡೆ ಕೈ ಎತ್ತಿ ಏನೋ ಹೇಳಲು ಹೋದರು. ಹೊಲಿಗೆ ಬಿಟ್ಟುಹೋದ ಬಟ್ಟೆಯ ಹಾಗೆ ಕೈ ಜೋತುಬಿತ್ತು. ಒಂದೆರಡು ಗುರುತು ಜಿಡ್ಡಿನಂತೆ ಉಳಿದಿದ್ದವು, ಅವೂ ವಕ್ರ. ಅಕ್ಕ ಅನ್ನಲು ಹೋಗಿ ಮೂಗು ತಿವಿದುಕೊಂಡರು.

ಆಗ ಮಂದಾ ನಕ್ಕು, ಅವರೆದುರು ಒಂದು ಮುಷ್ಟಿ ಹಿಡಿದು, ಅದರ ಸುತ್ತ ಇನ್ನೊಂದು ಕೈಯ ಬೆರಳನ್ನು ಸುತ್ತಿ, ಮುಷ್ಟಿಯನ್ನು ಕಿವಿಯ ಹತ್ತಿರ ಒಯ್ದು ಬಿಚ್ಚಿದಳು. ತಿಪ್ಪೇಸ್ವಾಮಿಯವರ ಕೈ ತಟ್ಟನೆ ಎದ್ದು ಅದನ್ನೇ ಮಾಡಿತು. ತಡೆಯಿಲ್ಲ, ತೊದಲಿಲ್ಲ. ಅವಳು ಇನ್ನೊಂದು ಗುರುತು ಮಾಡಿದಳು, ಅವರೂ ಒಂದು ಮಾಡಿದರು. ನಾನು ಕಣ್ಣುಜ್ಜಿಕೊಂಡು ನೋಡಿದೆ. ನನ್ನ ಮಾತು ಪೂರ್ತಿ ವಾಪಸ್ ಬಂದಿತ್ತು, ಆದರೂ ಅವು ನನಗೆ ತಿಳಿಯಲಿಲ್ಲ.

ಅದೇನು ಎಂದು ಮಂದಾಳನ್ನು ಕೇಳಿದೆ.

ಅವಳು ನನ್ನ ಕಡೆ ತಿರುಗಿ, ಚಿಕ್ಕ ಮಕ್ಕಳಿಗೆ ಹೇಳುವಷ್ಟು ನಿಧಾನಕ್ಕೆ ಹೇಳಿದಳು. ಅವು ನಿನ್ನಿಂದ ಹೋದವಲ್ಲ, ಅಕ್ಕ. ನೀನು ಅಡುಗೆಮನೆಯಲ್ಲಿ ಇದ್ದಾಗ ನಾವಿಬ್ಬರೂ ಹೊಸದಾಗಿ ಕಟ್ಟಿಕೊಂಡವು. ಕೈ ವಾಪಸ್ ಕೊಟ್ಟ ಮೇಲೂ ಇವನಿಗೆ ಉಳಿಯಲಿ ಎಂದು.

ಅರ್ಥ ಏನು ಎಂದೆ.

ಅವಳು ತಲೆ ಅಡ್ಡಡ್ಡ ಆಡಿಸಿದಳು. ಸಿಟ್ಟಿಲ್ಲ, ಕೊಂಕಿಲ್ಲ. ಅದು ನಿನಗಲ್ಲ ಎಂದಳು.

ಹುಟ್ಟಿದಾಗಿನಿಂದ ಅವಳ ಒಂದು ಮಾತೂ ನನ್ನನ್ನು ದಾಟದೆ ಯಾರಿಗೂ ಮುಟ್ಟಿರಲಿಲ್ಲ. ಅಂಗಡಿಯವನಿಗೆ, ಡಾಕ್ಟರಿಗೆ. ಅಮ್ಮನಿಗೂ ತಿಳಿಯುತ್ತಿದ್ದದ್ದು ನಾನು ಕಲಿಸಿದಷ್ಟೇ. ಚುಚ್ಚಿತು, ಇಲ್ಲ ಅನ್ನುವುದಿಲ್ಲ. ಅವಳು ಕಾಯುತ್ತಿದ್ದಳು. ನಾನು ನೋಡುತ್ತಾ ನಿಂತರೆ ಅವರಿಬ್ಬರೂ ಮಾತಾಡುವ ಹಾಗಿರಲಿಲ್ಲ. ನಮ್ಮ ಮಾತನ್ನು ಕೇಳಬಾರದೆಂದರೆ ಕಿವಿ ಮುಚ್ಚಿ ಪ್ರಯೋಜನವಿಲ್ಲ. ನಾನು ರುದ್ರಮ್ಮನ ಕೈಯಿಂದ ಪೊರಕೆ ತೆಗೆದುಕೊಂಡು, ಅವರಿಗೆ ಬೆನ್ನು ಹಾಕಿ, ಉದುರಿದ ಹೂ ಗುಡಿಸತೊಡಗಿದೆ. ಹಿಂದೆ ಮಂದಾ ಸದ್ದು ಮಾಡಿ ನಕ್ಕಳು. ನಾನು ತಿರುಗಲಿಲ್ಲ.